ಸೊಟ್ಟ ಬಾಯಿಯ ಸೇಡು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಬಾಯಿ ಸೊಟ್ಟಗಾದ ಮೊದಲ ಮೂರು ದಿನ ಅದು ಕಾಯಿಲೆಯೆಂದು ನನಗೆ ಹೊಳೆಯಲೇ ಇಲ್ಲ. ಹೊಸ ಐಟಂ ಸಿಕ್ಕಿತೆಂದು ಖುಷಿಪಟ್ಟ ಮಹಾನುಭಾವ ನಾನು.

ಯುಗಾದಿಯ ಮಾರನೆಯ ದಿನ, ಹೊಸತೊಡಕು. ಊರಿನ ಮನೆಮನೆಯಲ್ಲೂ ಬಾಡಿನ ಎಸರು ಕುದಿಯುತ್ತಿತ್ತು. ಹಲ್ಲುಜ್ಜಿ ಬಾಯಿ ಮುಕ್ಕಳಿಸಿದರೆ ನೀರು ಎಡಗಡೆಯಿಂದ ತಾನೇ ದಾರಿ ಮಾಡಿಕೊಂಡು ಅಂಗಿಯ ಮೇಲೆ ಬಿತ್ತು. ಕನ್ನಡಿ ನೋಡಿ ನಕ್ಕೆ. ಬಲಗಡೆ ಮಾತ್ರ ನಕ್ಕಿತು. ಎಡಗಡೆ, ಕರೆಯದ ಮದುವೆಗೆ ಬಂದು ಕೂತವರ ಹಾಗೆ, ಯಾವುದಕ್ಕೂ ಸಂಬಂಧವಿಲ್ಲದಂತಿತ್ತು. ಇಂಥ ಮುಖ ಕಲಿಯಲು ಮಿಮಿಕ್ರಿಯವರು ವರ್ಷಗಟ್ಟಲೆ ಒದ್ದಾಡುತ್ತಾರೆ, ನನಗೆ ಬಿಟ್ಟಿ ಸಿಕ್ಕಿದೆ ಅಂದುಕೊಂಡೆ. ವಿಡಿಯೊ ಮಾಡಿ ಗೆಳೆಯರ ಗ್ರೂಪಿಗೆ ಹಾಕಿದೆ. ನಗುವ ಇಮೋಜಿಗಳು ಸಾಲುಗಟ್ಟಿ ಬಂದವು.

ನಾನು ಮಂಜ. ಚನ್ನಪಟ್ಟಣದಲ್ಲಿ ಮರದ ಬೊಂಬೆ ಮಾಡುವ ಶೆಡ್ಡಿನಲ್ಲಿ ಕೆಲಸ. ಮದುವೆಯೋ ನಾಮಕರಣವೋ, ಎಲ್ಲಿ ಮೈಕು ಕಂಡರೂ ಮಿಮಿಕ್ರಿ. ವಿರೂಪಾಕ್ಷಿಪುರ ಹೋಬಳಿಯ ನಮ್ಮೂರಲ್ಲಿ ನಾನು ಅಣಕಿಸದ ಜೀವವಿಲ್ಲ. ಹಾಲಿನ ಡೇರಿಯ ಸೆಕ್ರೆಟರಿ ಕ್ಯಾನು ನೋಡಿ ಮೂಗು ಏರಿಸುವುದು, ಅಪ್ಪ ಕೆಮ್ಮಿದ ಮೇಲೆ ಯಾರಾದರೂ ಕೇಳಿಸಿಕೊಂಡರೋ ಎಂದು ಸುತ್ತ ನೋಡುವುದು, ಯಾವುದನ್ನೂ ಬಿಟ್ಟವನಲ್ಲ. ಹಾಗಾಗಿ ನನಗೆ ನಿಜವಾಗಿ ಏನಾದರೂ ಆದರೆ ನಂಬುವವರೇ ಇರಲಿಲ್ಲ. ಹೊಸತೊಡಕಿನ ಊಟಕ್ಕೆ ಕೂತಾಗ ಸಾರು ಎಡಗಡೆಯಿಂದ ಸೋರಿ ಎಲೆಗೇ ವಾಪಸ್ಸು ಹೋಗತೊಡಗಿತು. ಅವ್ವ ಬೆನ್ನಿಗೊಂದು ಬಿಟ್ಟಳು.

"ಉಣ್ಣೋವಾಗ್ಲಾದ್ರೂ ಕೋತಿ ಆಟ ಬುಡ್ಲಾ."

"ಇಲ್ಲ ಕಣವ್ವ, ತಾನೇ ಹಿಂಗಾಯ್ತೈತೆ."

"ನೋಡು ನೋಡು, ಮಾತ್ನೂ ಸೊಟ್ಟಗೇ ಆಡ್ತಾವ್ನೆ!"

ಮೂರನೇ ದಿನ ಕೆಲಸಕ್ಕೆ ಹೋದೆ. ಬಾಷಾ ಚಾಚಾ ಬೊಂಬೆಗಳಿಗೆ ಕಣ್ಣು ಬರೆಯುತ್ತ ಕೂತಿದ್ದರು. ಮೂವತ್ತು ವರ್ಷದಿಂದ ಅದೇ ಕೆಲಸ. ನಾನು ಹೊಸ ಐಟಂ ತೋರಿಸಿದೆ. ಉಳಿದವರೆಲ್ಲ ನಕ್ಕರು, ಚಾಚಾ ಕುಂಚ ಕೆಳಗಿಟ್ಟರು.

"ಬಾಯಿ ಇರ್ಲಿ ಬುಡು. ಕಣ್ಣು ಮುಚ್ಚು ನೋಡಾಣ."

ಮುಚ್ಚಿದೆ. ಮುಚ್ಚಿದ್ದೇನೆ ಎಂದುಕೊಂಡೆ. ಎಡಗಣ್ಣಿನಲ್ಲಿ ಚಾಚಾರ ಗಡ್ಡ ಇನ್ನೂ ಕಾಣುತ್ತಿತ್ತು.

"ಆಸ್ಪತ್ರೆಗೆ ಹೋಗು ಮಂಜ," ಅಂದರು. "ಇದು ನೀನು ಮಾಡ್ತಿರೋದಲ್ಲ."

ಮನೆಗೆ ಫೋನು ಮಾಡಿದೆ. ಅಪ್ಪ ಒಂದು ಮಾತೂ ಕೇಳದೆ ಬೈಕು ತಂದು ನಿಲ್ಲಿಸಿದ. ರಾಮನಗರದ ಆಸ್ಪತ್ರೆಯವರೆಗೂ ಅಷ್ಟು ನಿಧಾನವಾಗಿ ಬೈಕು ಓಡಿಸಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಅವತ್ತಿನಿಂದ ಅವನ ಕೆಮ್ಮನ್ನು ಅಣಕದ ಪಟ್ಟಿಯಿಂದ ತೆಗೆದುಹಾಕಿದ್ದೇನೆ.

ಚೀಟಿ ಮಾಡಿಸಿ ಕೂತೆವು. ಅಲ್ಲಿ ನನ್ನೊಳಗೆ ಓಡುತ್ತಿದ್ದುದು ಒಂದೇ ಮಾತು: ಲಕ್ವ. ಲಕ್ವ ಹೊಡೆದವರನ್ನೂ ನಾನು ಅಣಕಿಸಿದ್ದೆ. ಈಗ ಎದುರಿನ ಬೆಂಚಿನಲ್ಲಿ ಹಾಗೊಬ್ಬರು ಕೂತಿದ್ದರು, ಮಗ ಅವರ ಬಾಯಿ ಒರೆಸುತ್ತಿದ್ದ. ನಾನು ಗೋಡೆಯ ಮೇಲಿನ ಬಾಣಂತಿಯರ ಪೋಸ್ಟರು ಬಾಯಿಪಾಠವಾಗುವವರೆಗೆ ಓದಿದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಮಾಗಡಿ ಕಡೆಯವರು, ಎರಡು ಬಸ್ಸು ಹತ್ತಿ ಬಂದಿದ್ದರು. ನನ್ನ ಮುಖವನ್ನು ತಿರುಗಿಸಿ ತಿರುಗಿಸಿ ನೋಡಿ, ಸೆರಗಿನ ಗಂಟಿನಿಂದ ಕರವಸ್ತ್ರ ತೆಗೆದು ಕೊಟ್ಟರು.

"ಒರ್ಸ್ಕೊ ಮಗ. ಏನಾಗೈತೆ?"

"ಬಾಯಿ ಸೊಟ್ಟಗಾಗದೆ ಅಜ್ಜಿ." ಬಾಯಿಯ 'ಬಾ' ಹೊರಡುವ ಮುಂಚೆಯೇ ಗಾಳಿಯಾಗಿ ಹೋಯಿತು.

"ಅಷ್ಟೇನಾ? ನಮ್ಮನೇವ್ರದ್ದು ಸಾಯೋಗಂಟ ನೆಟ್ಟಗೇ ಇತ್ತು. ಒಂದಿನ ಒಳ್ಳೇ ಮಾತು ಬರ್ಲಿಲ್ಲ ಅದ್ರಿಂದ."

ಮೂರು ದಿನದ ಮೇಲೆ ಮೊದಲ ಸಲ ನಾನು ನಾಟಕವಿಲ್ಲದೆ ನಕ್ಕೆ. ಅರ್ಧವೇ ನಕ್ಕೆ, ಆದರೂ ನಕ್ಕೆ.

ಡಾಕ್ಟರು ಹುಬ್ಬು ಏರಿಸು, ಗಲ್ಲ ಉಬ್ಬಿಸು, ಹಲ್ಲು ಬಿಡು ಎಂದು ಒಂದೊಂದೇ ಹೇಳಿದರು. ಎಡಗಡೆ ಯಾವುದಕ್ಕೂ ಹೂಂಗುಟ್ಟಲಿಲ್ಲ. "ಲಕ್ವ ಅಲ್ಲ. ಮುಖದ ನರ ಊದಿಕೊಂಡಿದೆ. ವಾಸಿಯಾಗುತ್ತೆ, ಟೈಮು ಹಿಡಿಯುತ್ತೆ. ಮೊದಲನೇ ದಿನವೇ ಬರಬೇಕಿತ್ತು. ಮೂರು ದಿನ ಏನು ಮಾಡ್ತಿದ್ರಿ?"

"ಷೋ ಕೊಡ್ತಿದ್ದೆ ಸಾರ್."

ಅವರು ನಗಲಿಲ್ಲ. ಇದನ್ನು ಓದುವವರಲ್ಲಿ ಯಾರಿಗಾದರೂ ನಾಳೆ ಬೆಳಿಗ್ಗೆ ಮುಕ್ಕಳಿಸಿದ ನೀರು ಅಂಗಿಯ ಮೇಲೆ ಬಿದ್ದರೆ, ದಯವಿಟ್ಟು ವಿಡಿಯೊ ಮಾಡುತ್ತ ಕೂರಬೇಡಿ.

ಮಾತ್ರೆ ಕೊಟ್ಟರು. ಕಣ್ಣಿಗೆ ಹನಿ, ಮಲಗುವಾಗ ರೆಪ್ಪೆಗೆ ಪಟ್ಟಿ. ಎಡಗಿವಿಗೆ ಲೋಟ ಇಟ್ಟ ಸದ್ದೂ ತಮಟೆಯಂತೆ ಬಡಿಯುತ್ತಿತ್ತು. ನಾಲಿಗೆಯ ಅರ್ಧಕ್ಕೆ ಉಪ್ಪು ಹುಳಿ ಗೊತ್ತಾಗುತ್ತಿರಲಿಲ್ಲ. ಅನ್ನ ಕೆನ್ನೆಯೊಳಗೆ ಸಿಕ್ಕಿಕೊಂಡರೆ ಬೆರಳಿನಿಂದ ತೆಗೆಯಬೇಕು. ಆಗ ನನ್ನ ಮಾನ ಉಳಿಸಿದ್ದು ಮುದ್ದೆ. ಮುದ್ದೆಯನ್ನು ನಮ್ಮಲ್ಲಿ ಯಾರೂ ಅಗಿಯುವುದಿಲ್ಲವಲ್ಲ. ಮುರಿ, ಅದ್ದು, ನುಂಗು. ಪಂಕ್ತಿಯಲ್ಲಿ ನನಗೂ ಪಕ್ಕದವನಿಗೂ ವ್ಯತ್ಯಾಸ ಗೊತ್ತಾಗದ ಊಟ ಅದೊಂದೇ.

ನೆಂಟರು ಬಂದರು. ಬಸ್ಸಿನ ಕಿಟಕಿಯ ಗಾಳಿ ಅಂದವರಿದ್ದಾರೆ. ಸೋದರಮಾವ ಜೀವಂತ ಪಾರಿವಾಳವನ್ನೇ ತಂದ, ಅದರ ಬಿಸಿ ರಕ್ತ ಕೆನ್ನೆಗೆ ತಿಕ್ಕಿದರೆ ಬಾಯಿ ನೆಟ್ಟಗಾಗುತ್ತದಂತೆ. ಪಾರಿವಾಳ ನನ್ನನ್ನು ನೋಡಿತು. ನಾನು ಪಾರಿವಾಳವನ್ನು ನೋಡಿದೆ. ನಾವಿಬ್ಬರೂ ಆ ಮನೆಯಲ್ಲಿ ಒಂದೇ ಪಕ್ಷದವರು ಎಂದು ಅರ್ಥವಾಗಿ, ಮಾವ ಕಾಫಿ ಕುಡಿಯುವಾಗ ಅದರ ಮೇಲೆ ಮುಚ್ಚಿದ್ದ ಬುಟ್ಟಿ ಎತ್ತಿ ಅದನ್ನು ಹಾರಲು ಬಿಟ್ಟೆ.

ಇಷ್ಟಾದರೆ ಇದು ಕಾಯಿಲೆಯ ಕಥೆಯಷ್ಟೇ ಆಗುತ್ತಿತ್ತು. ಸೇಡಿನ ಕಥೆಯಾಗಿದ್ದು ಗುಡ್ಡಪ್ಪನಿಂದ.

ನಮ್ಮ ಕಡೆ ದೇವರು ಯಾರ ಮೈಮೇಲೆ ಬರುತ್ತದೋ ಅವನನ್ನು ಗುಡ್ಡಪ್ಪ ಎನ್ನುತ್ತಾರೆ. ನಮ್ಮೂರ ಗುಡ್ಡಪ್ಪನಿಗೆ ಅರವತ್ತು ದಾಟಿದೆ. ವಾರದಲ್ಲಿ ಆರು ದಿನ ರೇಷ್ಮೆಹುಳುವಿಗೆ ಸೊಪ್ಪು ಹಾಕಿಕೊಂಡು ಇರುತ್ತಾನೆ. ಶುಕ್ರವಾರ ಬಾಡು ಮುಟ್ಟುವುದಿಲ್ಲ, ಸಂಜೆ ಮಾರಮ್ಮನ ಗುಡಿಯಲ್ಲಿ ಮೈದುಂಬಿ, ಊರವರ ಕಷ್ಟಕ್ಕೆ ಅಪ್ಪಣೆ ಕೊಡುತ್ತಾನೆ. ಕಳೆದ ಎಮ್ಮೆ ಯಾವ ದಿಕ್ಕಿಗೆ ಹೋಯಿತು, ಬೋರು ಎಲ್ಲಿ ಕೊರೆಸಬೇಕು, ಎಲ್ಲಕ್ಕೂ ಅವನ ಬಾಯಲ್ಲಿ ಮಾರಮ್ಮನೇ ಉತ್ತರ. ಯುಗಾದಿಯ ಸಂಜೆ ಅರಳಿಕಟ್ಟೆಯ ಮೇಲೆ ನಾನು ಅವನನ್ನು ಅಣಕಿಸಿದ್ದೆ. ಜನ ಬಿದ್ದು ಬಿದ್ದು ನಗುವಾಗ ಅವನು ಅದೇ ದಾರಿಯಲ್ಲಿ ಬಂದ. ನಿಂತು ಪೂರ್ತಿ ನೋಡಿದ. ತನ್ನ ಪಾಡಿಗೆ ಹೋದ. ಬೆಳಗಾದರೆ ನನ್ನ ಬಾಯಿ ಸೊಟ್ಟ. ಇನ್ನೇನು ಬೇಕು ಊರಿಗೆ?

ಆಸ್ಪತ್ರೆಯಿಂದ ಬಂದ ವಾರದ ಶುಕ್ರವಾರ ಅವ್ವ ನನ್ನನ್ನು ಗುಡಿಗೆ ಎಳೆದುಕೊಂಡು ಹೋದಳು. ತಮಟೆ ಏರಿತು. ಗುಡ್ಡಪ್ಪ ಮೈದುಂಬಿದ.

"ಎಲ್ಲಿ ಅವ್ನು, ನನ್ನ ಗುಡ್ಡನ್ನ ಅಣಕ್ಸಿದೋನು? ಮುಂದಕ್ ಬಾ."

ಹೋಗಿ ನಿಂತೆ. ಬೇವಿನ ಸೊಪ್ಪಿನಿಂದ ನನ್ನ ಗಲ್ಲ ಎತ್ತಿದ.

"ಅವತ್ತು ಬಲು ನಗಾಡ್ದೆ. ಈಗ ನಗು ನೋಡಾಣ."

ನಗಲಿಲ್ಲ.

"ನಗ್ಲಾ!"

ದೇವರ ಎದುರು ಎಂದು ನಕ್ಕೆ. ಬಲಗಡೆ ಕಿವಿಯತ್ತ ಓಡಿತು, ಎಡಗಡೆ ಜೋತು ಬಿತ್ತು, ಜೊಲ್ಲು ಇಳಿಯಿತು. ಹಿಂದೆ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಗುಡಿ ನಕ್ಕಿತು. ಆ ನಗು ನನಗೆ ಗೊತ್ತು. ನಾನೇ ಊರಿಗೆ ಕಲಿಸಿದ ನಗು ಅದು. ಅದರ ಈಚೆ ಬದಿಯಲ್ಲಿ ನಿಂತಿದ್ದು ಅದೇ ಮೊದಲು.

"ನಾನೇ ಕಣ್ಲಾ ತಿರುಗ್ಸಿದ್ದು," ಅಂದ ಗುಡ್ಡಪ್ಪ. "ಇನ್ ಅಣಕ್ಸಲ್ಲ ಅಂತ ಮಾತ್ ಕೊಟ್ರೆ ನೆಟ್ಟಗ್ ಮಾಡ್ತೀನಿ."

ನಾನು ಬಾಯಿ ತೆರೆಯುವ ಮುಂಚೆ ಅವ್ವ ಹೊಸ್ತಿಲ ಮೇಲೆ ಕೈಯಿಟ್ಟಿದ್ದಳು. "ತಪ್ಪಾಯ್ತು ತಾಯಿ. ಇನ್ ನನ್ ಮಗ ಯಾರ್ನೂ ಅಣಕ್ಸಲ್ಲ. ಅವ್ನ ಮುಖ ಪೂರ್ತಿ ನೆಟ್ಟಗಾಗೋಗಂಟ ಶುಕ್ರವಾರ ಒಂದ್ ಅಗುಳು ಮುಟ್ಟಲ್ಲ ನಾನು."

ಹೀಗೆ ನನ್ನ ಕಲೆಯನ್ನು ನನ್ನ ಅವ್ವ ನನ್ನನ್ನು ಕೇಳದೆ ಬರೆದುಕೊಟ್ಟುಬಿಟ್ಟಳು. ಅಣಕಿಸುವುದು ಬಿಟ್ಟರೆ ನನ್ನಲ್ಲಿ ಉಳಿಯುವುದೇನು? ಗುಡಿಯ ಮೆಟ್ಟಿಲು ಇಳಿಯುವಾಗಲೇ ನಿರ್ಧಾರ ಮಾಡಿದೆ. ಈ ಮುಖ ನೆಟ್ಟಗಾಗಬೇಕು. ಆದ ದಿನ ಇದೇ ಊರಿನ ಎದುರು ಇದೇ ಗುಡ್ಡಪ್ಪನನ್ನು ಉಗುರಿನಿಂದ ಜುಟ್ಟಿನವರೆಗೆ ಅಣಕಿಸಬೇಕು. ಕೊನೆಗೆ ಅವನದೇ ದನಿಯಲ್ಲಿ, ಅವನದೇ ದೇವರ ಬಾಯಲ್ಲಿ, "ಈ ಗುಡ್ಡಪ್ಪ ಸುಳ್ಳುಗಾರ" ಎನ್ನಿಸಬೇಕು. ಮಾತ್ರೆ ನುಂಗಿದ್ದು ಡಾಕ್ಟರು ಹೇಳಿದರೆಂದಲ್ಲ, ಈ ಮಾತಿಗಾಗಿ.

ಆಸ್ಪತ್ರೆಯಲ್ಲಿ ಮುಖಕ್ಕೆ ವ್ಯಾಯಾಮ ಹೇಳಿಕೊಡುವ ಮೇಡಂ ಒಬ್ಬರಿದ್ದರು, ಕನಕಪುರದವರು. ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ಇಪ್ಪತ್ತು ನಿಮಿಷ. ಹುಬ್ಬು, ಮೂಗು, ತುಟಿ, ಗಲ್ಲ. "ಜೋರು ಮಾಡಬೇಡಿ. ಮುಖಕ್ಕೆ ಸಿಟ್ಟು ತೋರಿಸಿದರೆ ಅದೂ ಸಿಟ್ಟು ಮಾಡಿಕೊಳ್ಳುತ್ತೆ. ನಿಧಾನ." ನನಗೆ ಸಿಟ್ಟು ಬಿಟ್ಟರೆ ಬೇರೆ ಬಂಡವಾಳವೇ ಇರಲಿಲ್ಲ.

ಮರ ಕಡೆಯುವ ಲೇತಿನ ಹೊಟ್ಟು ಕಣ್ಣಿಗೆ ಬೀಳುತ್ತದೆಂದು ಚಾಚಾ ನನ್ನನ್ನು ಬಾಗಿಲ ಬಳಿ ಕೂರಿಸಿ, ಬೊಂಬೆಗೆ ಬಾಯಿ ಬರೆಯುವ ಕೆಲಸ ಕೊಟ್ಟಿದ್ದರು. ಸೊಟ್ಟ ಬಾಯಿಯವನು ಕೂತು ದಿನಕ್ಕೆ ಇನ್ನೂರು ನೆಟ್ಟನೆಯ ಬಾಯಿ ಬರೆಯುತ್ತಿದ್ದೆ. ಒಡಕು ಬಂದು ಪಕ್ಕಕ್ಕಿಟ್ಟ ಒಂದು ಬೊಂಬೆಗೆ ಗುಡ್ಡಪ್ಪನ ಮೀಸೆ, ಗುಡ್ಡಪ್ಪನ ಕೆಂಗಣ್ಣು ಬರೆದು ಮನೆಗೆ ತಂದೆ. ಕನ್ನಡಿಯ ಕೆಳಗೆ ಇಟ್ಟೆ. ಬೆಳಿಗ್ಗೆ ಅದನ್ನು ನೋಡಿದರೆ ಸಿಟ್ಟು ಹೊತ್ತಿಕೊಳ್ಳಲಿ ಎಂದು.

ಅವ್ವ ಅದನ್ನು ನೋಡಿದಳು. ಮಗ ಬೆಳಕು ಹರಿಯುವ ಮುಂಚೆ ಎದ್ದು, ಮುಖ ತೊಳೆದು, ಒಂದು ಬೊಂಬೆಯ ಎದುರು ಕೂತು ತುಟಿ ಅಲ್ಲಾಡಿಸುತ್ತಾನೆ. ಅವಳಿಗೆ ಏನು ಅನಿಸಬೇಕೋ ಅದೇ ಅನಿಸಿತು. ಮಾರನೆಯ ದಿನ ಬೊಂಬೆಯ ಹಣೆಗೆ ಕುಂಕುಮವಿತ್ತು, ಕಾಲ ಬಳಿ ಎರಡು ಕನಕಾಂಬರ.

ಹೇಳಲು ಬಾಯಿ ಬರಲಿಲ್ಲ. ಆಗ ನನ್ನ ಬಾಯಿ ಯಾವುದಕ್ಕೂ ಸರಿಯಾಗಿ ಬರುತ್ತಿರಲಿಲ್ಲ ಅನ್ನಿ.

ಹೀಗೆ ನನ್ನ ಶತ್ರುವಿಗೆ ನಮ್ಮ ಮನೆಯಲ್ಲಿ ದಿನಾ ಹೂವು ಏರಿತು, ನಾನು ಅವನ ಎದುರು ಕೂತು ದಿನಾ ಹಲ್ಲು ಕಡಿದೆ. ವ್ಯಾಯಾಮ ಬೇಸರವಾದಾಗ ಅವನನ್ನೇ ಅಭ್ಯಾಸ ಮಾಡುತ್ತಿದ್ದೆ. ತೊಂದರೆಯೇನೆಂದರೆ, ಗುಡ್ಡಪ್ಪನ ಆರ್ಭಟ ಮಾಡಲು ಎರಡು ಕೆನ್ನೆ ಬೇಕು. ನನ್ನಲ್ಲಿ ಇದ್ದದ್ದು ಒಂದು. ಅರ್ಧ ಮುಖದವನಿಗೆ ಸಾಧ್ಯವಿದ್ದದ್ದು ಆರ್ಭಟಕ್ಕೆ ಮುಂಚಿನ ಅರ್ಧ ನಿಮಿಷ ಮಾತ್ರ. ಯಾರೂ ಅದನ್ನು ಗಮನಿಸುವುದಿಲ್ಲ, ನಾನು ಗಮನಿಸಿದ್ದೆ. ದೇವರು ಬರುವ ಮುಂಚೆ ಅವನು ಆಕಳಿಸುತ್ತಾನೆ. ಎರಡು ಮೂರು ಸಲ. ಬೆರಳು ಒಂದೊಂದೇ ಸಡಿಲವಾಗುತ್ತವೆ. ಕೋಣೆಗೆ ಏನು ತರಲು ಬಂದೆನೆಂದು ಮರೆತವನ ಹಾಗೆ ಸುತ್ತ ನೋಡುತ್ತಾನೆ. ಆ ಹೊತ್ತಿನಲ್ಲಿ ಅವನು ಸೊಪ್ಪು ಕೊಯ್ಯುವ ಮುದುಕನೂ ಅಲ್ಲ, ಮಾರಮ್ಮನೂ ಇನ್ನೂ ಬಂದಿಲ್ಲ. ಮನೆ ಖಾಲಿ ಮಾಡಿದ್ದಾರೆ, ಹೊಸಬರು ಸಾಮಾನು ಇಳಿಸಿಲ್ಲ.

ನಾನು ವಾರಗಟ್ಟಲೆ ಅದನ್ನೇ ಮಾಡಿದೆ. ಸೇಡಿಗೆ ಕೂತವನು ಅಷ್ಟು ಹೊತ್ತು ಸೇಡನ್ನು ಮರೆಯುತ್ತಿದ್ದೆ. ಆ ಅರ್ಧ ನಿಮಿಷದಲ್ಲಿ ಸೊಟ್ಟ ಬಾಯಿಯವನೂ ಇರುತ್ತಿರಲಿಲ್ಲ, ನೆಟ್ಟ ಬಾಯಿಗಾಗಿ ಕಾಯುವವನೂ ಇರುತ್ತಿರಲಿಲ್ಲ. ಕಾಯಿಲೆಯಲ್ಲಿ ನನಗೆ ಸಿಕ್ಕ ವಿಶ್ರಾಂತಿ ಎಂದರೆ ಅದೇ. ಆಮೇಲೆ ಬೊಂಬೆಯ ಮೀಸೆ ಕಣ್ಣಿಗೆ ಬಿದ್ದು ಮತ್ತೆ ಉರಿ ಏಳುತ್ತಿತ್ತು. ಮರೆತಿದ್ದಕ್ಕೂ ಸೇರಿಸಿ ಅವನನ್ನೇ ಬೈಯುತ್ತಿದ್ದೆ.

ಎರಡು ತಿಂಗಳಾಗುತ್ತ ಬಂದಾಗ ಒಂದು ಬೆಳಿಗ್ಗೆ ಸುಳ್ಳು ಆಕಳಿಕೆ ತೆಗೆಯಲು ಹೋದೆ, ನಿಜವಾದದ್ದೇ ಬಂದುಬಿಟ್ಟಿತು. ದವಡೆ ತಾನೇ ತೆರೆಯಿತು, ಕಣ್ಣಲ್ಲಿ ನೀರು ತುಂಬಿತು. ಕನ್ನಡಿಯಲ್ಲಿ, ಎಡ ತುಟಿಯ ಮೂಲೆ ಒಂದು ಅಕ್ಕಿಕಾಳಿನಷ್ಟು ಮೇಲೆದ್ದು ಇಳಿಯಿತು. ಹಿಂದೆ ಹೂವು ಹಿಡಿದು ನಿಂತಿದ್ದ ಅವ್ವನೂ ನನ್ನನ್ನು ನೋಡಿ ಆಕಳಿಸಿದಳು.

"ಅವ್ವಾ, ಅಲ್ಲಾಡ್ತು!"

"ನೋಡ್ದೆ ಸುಮ್ನಿರು," ಅಂದಳು. ಕೈಯಲ್ಲಿದ್ದ ಹೂವನ್ನೆಲ್ಲ ಬೊಂಬೆಗೇ ಏರಿಸಿದಳು.

ಅಲ್ಲಿಂದ ಮುಖ ಕಂತಿನಲ್ಲಿ ವಾಪಸ್ಸು ಬಂತು. ಮೊದಲು ತುಟಿ, ಆಮೇಲೆ ಗಲ್ಲ, ಎಲ್ಲಕ್ಕಿಂತ ಕೊನೆಗೆ ಹುಬ್ಬು. ಪೂರ್ತಿ ಬಂತೇ? ಇಲ್ಲ. ಈಗಲೂ ನಾನು ನಕ್ಕರೆ ಎಡಗಣ್ಣು ತಾನೇ ಮುಚ್ಚಿಕೊಳ್ಳುತ್ತದೆ. ಚನ್ನಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಕಣ್ಣು ಹೊಡೆದೆನೆಂದು ಒಬ್ಬ ಹೆಂಗಸು ಚಪ್ಪಲಿಗೆ ಕೈ ಹಾಕಿದ್ದೂ ಆಗಿದೆ. ಪೂರ್ತಿ ನೆಟ್ಟಗಾಗಲಿಲ್ಲವೆಂದು ಅವ್ವ ಶುಕ್ರವಾರದ ಉಪವಾಸ ಬಿಡಲಿಲ್ಲ. ಸಾಯಂಕಾಲಕ್ಕೆ ಗೋಡೆ ಹಿಡಿದು ನಡೆಯುತ್ತಿದ್ದಳು. ಹೇಳಿದರೆ, "ಮಾತ್ ಕೊಟ್ಟಿವ್ನಿ" ಅನ್ನುತ್ತಿದ್ದಳು. ಅದನ್ನೂ ಗುಡ್ಡಪ್ಪನ ಪಾಪದ ಪಟ್ಟಿಗೇ ಸೇರಿಸಿದೆ.

ಗಣೇಶ ಬಂದ. ನಮ್ಮೂರ ಹುಡುಗರು ಪೆಂಡಾಲು ಹಾಕಿದರು. ಬಿಡುವ ದಿನ ಶುಕ್ರವಾರ ಬಿತ್ತು. ಮಧ್ಯಾಹ್ನ ಮೂರಕ್ಕೆ ಕಾರ್ಯಕ್ರಮ. "ಮಂಜ, ಬಾಯಿ ಸರಿಹೋಯ್ತಲ್ಲ, ಒಸಿ ನಗ್ಸ್ಲಾ" ಎಂದರು. ಹೂಂ ಅಂದೆ. ಅವ್ವನಿಗೆ ಹೇಳಲಿಲ್ಲ. ಮುಂದಿನ ಸಾಲಿನಲ್ಲಿ ಊರ ಹಿರಿಯರ ಕುರ್ಚಿಗಳು. ನಟ್ಟನಡುವೆ ಶಾಲು ಹೊದ್ದು ಗುಡ್ಡಪ್ಪ. ನಾನು ಬರೆದುಕೊಂಡಿದ್ದರೂ ಅಷ್ಟು ಚೆನ್ನಾಗಿ ಕೂರಿಸಲು ಆಗುತ್ತಿರಲಿಲ್ಲ.

ಡೇರಿ ಸೆಕ್ರೆಟರಿಯಿಂದ ಶುರು ಮಾಡಿದೆ. ಜನ ನಕ್ಕರು. ಬಸ್ ಕಂಡಕ್ಟರನನ್ನು ಮಾಡಿದೆ. ಹೊಟ್ಟೆ ಹಿಡಿದರು. ಆಗ ಮೆರವಣಿಗೆಗೆ ಕಾಯುತ್ತ ಕೂತಿದ್ದ ತಮಟೆಯವರತ್ತ ತಿರುಗಿ, "ಅಣ್ಣ, ಶುಕ್ರವಾರದ ಬಡಿತ ಒಸಿ ಬಾರ್ಸಿ" ಅಂದೆ.

ಗುಡ್ಡಪ್ಪ ಎಲೆಯಡಿಕೆ ಜಗಿಯುತ್ತಲೇ ಇದ್ದ.

ತಮಟೆ ಏರಿತು. ಆಕಳಿಸಿದೆ. ಒಂದು ನಗು ಎದ್ದಿತು. ಇನ್ನೊಮ್ಮೆ ಆಕಳಿಸಿದೆ. ಬೆರಳು ಬಿಟ್ಟೆ. ಸುತ್ತ ನೋಡಿದೆ. ಮೂರನೆಯ ಆಕಳಿಕೆಗೆ ಯಾರೂ ನಗಲಿಲ್ಲ. ತಮಟೆಯವರು ನಾನು ಕೇಳದೆಯೇ ಬಡಿತ ಬದಲಾಯಿಸಿದರು. ಐದು ತಿಂಗಳಿಂದ ಸಾಣೆ ಹಿಡಿದ ಮಾತು ನಾಲಿಗೆಯ ತುದಿಯಲ್ಲಿತ್ತು.

ಹೆಂಗಸರ ಕಡೆಯಿಂದ ಯಾರೋ ಎದ್ದು ನೇರವಾಗಿ ನನ್ನತ್ತ ಬಂದರು. ಅವ್ವ. ಸೆರಗು ಒಡ್ಡಿ ನಿಂತಳು. ನನ್ನ ಮುಖವನ್ನು ನೋಡುತ್ತಿದ್ದಳು, ಆದರೆ ನನ್ನನ್ನು ನೋಡುತ್ತಿರಲಿಲ್ಲ.

"ತಾಯೀ, ಮಾತ್ ಕೊಟ್ಟೋಳು ನಾನು, ಮುರ್ದೋನು ಅವ್ನು. ಬುದ್ಧಿ ಇಲ್ದ್ ಮುಂಡೇದು. ಬಲಗಡೆ ಒಂದ್ ನೆಟ್ಟಗೈತೆ ಅವ್ನಿಗೆ, ಅದ್ನ ಮುಟ್ಬೇಡ. ತಿರುಗ್ಸೋದೇ ಆದ್ರೆ ನಂದ್ ತಿರುಗ್ಸು."

"ನಾನ್ ಕಣವ್ವ, ಮಂಜ" ಎನ್ನಬಹುದಿತ್ತು. ಮೈಕು ಕೈಯಲ್ಲೇ ಇತ್ತು. ನಾನು ನನ್ನ ಮಾತಿಗಾಗಿ ತಡಕಾಡಿದೆ, ಅದು ಅಲ್ಲಿರಲಿಲ್ಲ. ಬೇರೊಂದು ಬಂತು. ದನಿ ಗುಡ್ಡಪ್ಪನದೇ, ನಾನು ಕಲಿತದ್ದೇ. ಮಾತು ನಾನು ಕಲಿತದ್ದಲ್ಲ.

"ಉಪಾಸ ಬುಡು. ಹೋಗ್ ಉಣ್ಣು. ಯಾರ್ ಬಾಯ್ನೂ ನಾನ್ ತಿರುಗ್ಸಿಲ್ಲ."

ಅವ್ವ ಸೆರಗು ಕಣ್ಣಿಗೆ ಒತ್ತಿಕೊಂಡಳು. ಪೆಂಡಾಲಿನ ಹಿಂದೆ ಪ್ರಸಾದದ ಚಿತ್ರಾನ್ನವಿತ್ತು. ಹೋದಳು, ದೊನ್ನೆ ಹಿಡಿದಳು, ನಿಂತುಕೊಂಡೇ ತಿಂದಳು. ಇನ್ನೊಂದು ಸಲ ಹಾಕಿಸಿಕೊಂಡಳು. ಇಡೀ ಊರು ಗುಡ್ಡಪ್ಪನತ್ತ ತಿರುಗಿತ್ತು. ದೇವರೇ ಬಾಯಿ ಬಿಟ್ಟು ಇಲ್ಲವೆಂದ ಮೇಲೆ ಅವನಿಗೆ ಉಳಿದದ್ದೇನು?

ನನಗೆ ಮೈಯೆಲ್ಲ ಬೆವರು, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡೆ. ಆದರೆ ಸೇಡು ಸೇಡೇ. ಇಳಿದು ಅವನ ಕುರ್ಚಿಯ ಮುಂದೆ ಹೋಗಿ ನಿಂತೆ. "ಹೆಂಗಿತ್ತು ಗುಡ್ಡಪ್ನೋರೆ? ಅವತ್ತು ನಗು ಅಂದ್ರಲ್ಲ. ಈಗ ನಗ್ತೀನಿ, ನೋಡ್ಕಳಿ."

ನಕ್ಕೆ. ಎಡಗಣ್ಣು ಮುಚ್ಚಿಕೊಂಡಿತು. ಗುಡ್ಡಪ್ಪ ಒಂದೇ ಕಣ್ಣಿನ ನನ್ನ ನಗುವನ್ನು ಪೂರ್ತಿ ನೋಡಿದ. ಎಲೆಯಡಿಕೆ ಪಕ್ಕಕ್ಕೆ ಉಗುಳಿ, ಬಾಯಿ ಒರೆಸಿಕೊಂಡು, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದ:

"ನನ್ಗಿಂತ ಮುಂಚೆ ನಮ್ಮಪ್ಪ ಗುಡ್ಡಪ್ಪ. ಅವ್ನ್ ಮ್ಯಾಲಿನ್ ಸಿಟ್ಗೆ ಒಂದಿನ ನಾನೂ ಹಿಂಗೇ ಅಣಕ್ಸಕ್ ನಿಂತಿದ್ದು ಕಣ್ಲಾ. ಇವತ್ತಿಂದ ಶುಕ್ರವಾರ ಬಾಡು ತಿನ್ಬೇಡ."